ಏಳನೆಯ ಎಕ್ಕದೆಲೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಬಚ್ಚಲ ಬಾಗಿಲು ಬಡಿದೆ.

ರಥಸಪ್ತಮಿಯ ಸ್ನಾನಕ್ಕೆಂದು ಆ ಮನೆಯ ಆಂಟಿ, ನಾನು ಚಿಟ್ಟೆಗಳಿಗೆಂದೇ ಬೆಳೆಸಿದ ಎಕ್ಕದ ಗಿಡದಿಂದ ಎಲೆ ಕಿತ್ತಿದ್ದರು.

"ಏಳೇ ಏಳು ಕಣಮ್ಮ. ಹುಳ ತಿನ್ನದೇ ಇರೋದನ್ನೇ ಆರಿಸ್ದೆ."

ಅಂಥದ್ದೇ ಒಂದು ಎಲೆಯಡಿ, ಇಂದೋ ನಾಳೆಯೋ ಚಿಟ್ಟೆ ಹೊರಬರಬೇಕಿದ್ದ ಗೂಡು ನೇತಾಡುತ್ತಿತ್ತು.

"ಎಲೆ ಎಲ್ಲಿ ಆಂಟಿ?"

"ನಿಮ್ಮ ಅಂಕಲ್ ಮೈಮೇಲೆ. ಸ್ನಾನಕ್ಕೆ ಕೂತಿದ್ದಾರೆ."

ಓಡಿದೆ. "ಅಂಕಲ್, ನೀರು ಹುಯ್ಕೋಬೇಡಿ!"

ಒಳಗೆ ಚೊಂಬಿನ ಸದ್ದು ನಿಂತಿತು. ಬಾಗಿಲ ಸಂದಿಯಿಂದ ಎಲೆ ಹಿಡಿದ ಕೈಯೊಂದು ಹೊರಬಂತು.

"ಇದೇನಾ ನೋಡಮ್ಮ. ತಲೆಗಿಟ್ಕೊಳ್ಳೋದ್ರಲ್ಲಿದ್ದೆ."

ಗೂಡು ನಲುಗಿರಲಿಲ್ಲ. ಎಲೆಯನ್ನು ದಾರದಿಂದ ಗಿಡಕ್ಕೇ ಕಟ್ಟಿ ಕಾವಲು ಕೂತಿದ್ದೇನೆ. ಅಂಕಲ್‌ಗೆ ಒಂದೆಲೆ ಕಡಿಮೆಯಾಯಿತಲ್ಲ, ಆಂಟಿ ಮತ್ತೆ ನಮ್ಮ ಗೇಟು ತೆಗೆಯುತ್ತಿದ್ದಾರೆ.