ನೀಲಯ್ಯನ ಪಕ್ಷದ ಕಾಳಣ್ಣ

ಅವತ್ತು ತಾಳವಾಡಿ ಬಸ್‌ಸ್ಟ್ಯಾಂಡಿನ ಪಕ್ಕದ ನನ್ನ ಕ್ಯಾಸೆಟ್ ಅಂಗಡಿಯಲ್ಲಿ ಇದ್ದವರು ಮೂರೇ ಜನ. ಸ್ಟೂಲಿನ ಮೇಲೆ ನಾನು. ಗಿರಾಕಿಗಳಿಗೆಂದು ಹಾಕಿದ್ದ ಕುರ್ಚಿಯಲ್ಲಿ ಹೈಸ್ಕೂಲಿನ ಗಣಿತದ ಸೆಲ್ವಂ ಮೇಷ್ಟ್ರು. ಬಾಗಿಲಾಚೆ ಕಂಬಕ್ಕೆ ಒರಗಿಕೊಂಡು, ಕೂಲಿ ಮುಗಿಸಿ ತಿಗನಾರೆ ಬಸ್ಸಿಗೆ ಕಾಯುತ್ತಿದ್ದ ಕಾಳಣ್ಣ. ಒಳಗೆ ಬಾ ಅಂದರೆ ಬರುವವನಲ್ಲ. ಬೆಂಚು ಖಾಲಿ ಇದ್ದರೂ ಆ ಕಂಬವೇ ಅವನ ಜಾಗ.

ಕಾಳಣ್ಣನಿಗೆ ಒಂದು ಅಭ್ಯಾಸವಿತ್ತು. ಮಾತಿನ ನಡುವೆ ನಿಲ್ಲಿಸಿಬಿಡುತ್ತಿದ್ದ. "ನಾಳಿಕೆ ನಾನು" ಅಂತ ಶುರುಮಾಡಿ ಸುಮ್ಮನಾದರೆ, ಕೇಳುವವರು ಹಾಗೇ ನಿಂತಿರಬೇಕು. ಕಂಡಕ್ಟರು ಸೀಟಿಯನ್ನು ತುಟಿಗಿಟ್ಟುಕೊಂಡು ಕಾದದ್ದನ್ನು ನಾನೇ ಕಂಡಿದ್ದೇನೆ. ನಮ್ಮಜ್ಜಿ, ಚಿಕ್ಕಜ್ಜ ಎಲ್ಲ ಉಸಿರು ಬಿಡದೆ ಮಾತಾಡುವವರು, ಅವರ ಬಾಯಿಂದ ಮಾತು ಕಲಿತವನು ನಾನು. ಕಾಳಣ್ಣ ಹೀಗೆ ನಿಲ್ಲಿಸಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದೆ, ಏನು ಹೇಳುತ್ತಾನೋ, ಕೆಟ್ಟ ಸುದ್ದಿಯೋ ಅಂತ. ಕೊನೆಗೆ ನೋಡಿದರೆ "ಬರಾಕಿಲ್ಲ" ಅನ್ನುವಷ್ಟೇ ಇರುತ್ತಿತ್ತು.

ಅವನು ತಮಟೆಯವನು. ಸುತ್ತಲ ಊರುಗಳ ಸಾವಿಗೆ, ಹಬ್ಬಕ್ಕೆ ಅವನ ತಮಟೆಯೇ ಆಗಬೇಕು. ಉಳಿದ ದಿನ ಕೂಲಿ. ತಿಗನಾರೆಯಲ್ಲಿ ಕಾಡಂಚಿಗೆ ಒಂದು ತುಂಡು ಹೊಲವಿತ್ತು. ಅಲ್ಲಿ ರಾಗಿ ಕೈಗೆ ಬಂದರೆ ವರ್ಷವಿಡೀ ಮನೆಯಲ್ಲಿ ಮುದ್ದೆ, ಇಲ್ಲವಾದರೆ ಇಲ್ಲ. ಹಿಂದಿನ ಎರಡು ವರ್ಷವೂ ತೆನೆ ಹಾಲುಗಟ್ಟುವ ಹೊತ್ತಿಗೆ ಆನೆ ನುಗ್ಗಿ ತಿಂದು ತುಳಿದು ಹೋಗಿತ್ತು. ಊರಿನವರೆಲ್ಲ ಡಬ್ಬ ಬಡಿದು, ಪಟಾಕಿ ಹೊಡೆದು ಸಾಕಾಗಿದ್ದರು.

ಅವತ್ತು ನನ್ನ ಕೈಯಲ್ಲಿ ಎರಡು ಕ್ಯಾಸೆಟ್ಟುಗಳಿದ್ದವು. ಚಿಟ್ಟೆ ನೋಡಲು ಹಾಸನೂರಿಗೆ ಬಂದಿದ್ದ ಕಾಲೇಜು ಹುಡುಗರಿಬ್ಬರ ಟೇಪ್‌ರೆಕಾರ್ಡರು ಕೆಟ್ಟಿತ್ತು. ರಿಪೇರಿ ಮಾಡಿಕೊಟ್ಟೆ. ಖುಷಿಯಾಗಿ, ಇದನ್ನು ಅಳಿಸಿ ಬೇರೆ ಹಾಡು ತುಂಬಿಸಿಕೊಳ್ಳಿ ಅಂತ ಎರಡು ಹಳೇ ಕ್ಯಾಸೆಟ್ಟು ಕೊಟ್ಟುಹೋಗಿದ್ದರು. ಪ್ರೋಗ್ರೆಸಿವ್ ರಾಕ್ ಅನ್ನುವ ಜಾತಿಯ ಸಂಗೀತವಂತೆ. ಒಂದಕ್ಕೆ ಕೆಂಪು ಚೀಟಿ, ಇನ್ನೊಂದಕ್ಕೆ ನೀಲಿ. ಮೇಲಿನ ಬರಹ ಉಜ್ಜಿಹೋಗಿ ಹಾಡಿದವರು ಯಾರು, ಬಾರಿಸಿದವರು ಯಾರು ಒಂದೂ ತಿಳಿಯುವ ಹಾಗಿರಲಿಲ್ಲ. ಅಳಿಸುವ ಮುಂಚೆ ಒಂದು ಸಲ ಕೇಳೋಣ ಅಂತ ನೀಲಿಯದನ್ನು ಹಾಕಿದೆ. ಗಿಟಾರು ಕಿರುಚುತ್ತಿತ್ತು, ಯಾರೋ ಅಳುವ ಹಾಗೆ ಹಾಡುತ್ತಿದ್ದರು. ಮೇಷ್ಟ್ರು ಮುಖ ಕಿವಿಚಿದರು. ಆಫ್ ಮಾಡಲು ಕೈ ಹಾಕಿದೆ, ಹೊರಗಿನಿಂದ ಕಾಳಣ್ಣ ಅಂದ:

"ತಡಿ ಸಿವಣ್ಣ. ಆ ಡ್ರಮ್ಮಿನೋನು ಏನೋ ಮಾಡ್ತಾವ್ನೆ."

ಡ್ರಮ್ಮಿನವನು ಬಿರುಸಾಗಿ ಬಾರಿಸುತ್ತ ಬಂದು ಒಂದು ಕಡೆ ಥಟ್ಟನೆ ನಿಲ್ಲಿಸಿಬಿಟ್ಟಿದ್ದ. ಟೇಪು ಸಿಕ್ಕಿಕೊಂಡಿತೇನೋ ಅಂತ ಬಗ್ಗಿ ನೋಡಿದೆ. ತಿರುಗುತ್ತಲೇ ಇತ್ತು. ಆಮೇಲೆ ಒಂದೇ ಒಂದು ಏಟು. ಕಾಳಣ್ಣ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು ಬೆಂಚಿನ ಮೇಲೆ ಕೂತ. ಅವನು ನನ್ನ ಅಂಗಡಿಯೊಳಗೆ ಕೂತದ್ದು ಅದೇ ಮೊದಲು.

ಆಮೇಲೆ ಕೆಂಪನ್ನೂ ಹಾಕಿ ಕೇಳಿದೆವು, ಎರಡರ ಡ್ರಮ್ಮಿನವರಲ್ಲಿ ಯಾರು ಮೇಲು ಅಂತ ಅಲ್ಲಿಂದ ಶುರುವಾದ ಜಗಳ ಎರಡು ವರ್ಷ ನಡೆಯಿತು. ಕೆಂಪು ಚೀಟಿಯವನಿಗೆ ಕೆಂಪಯ್ಯ, ನೀಲಿಯವನಿಗೆ ನೀಲಯ್ಯ ಅಂತ ಹೆಸರಿಟ್ಟವನು ಕಾಳಣ್ಣನೇ. ಮೇಷ್ಟ್ರದು ಕೆಂಪಯ್ಯನ ಪಕ್ಷ. ಅವರು ಸತ್ಯಮಂಗಲದ ಕಡೆಯವರು, ಕನ್ನಡದೊಳಗೆ ತಮಿಳು ಸೇರಿಸಿ ಮಾತಾಡುವವರು. ನನ್ನ ಕೌಂಟರಿನ ಮೇಲೆ ಸೀಮೆಸುಣ್ಣದಲ್ಲಿ ಏಳು ಗೀಟು, ಏಳು ಗೀಟು, ಐದು ಗೀಟು ಎಳೆದು, ನೋಡಿ, ಇವನು ಬಾರಿಸುವುದರಲ್ಲಿ ಕಣಕ್ಕು ಇದೆ, ಎಷ್ಟು ಸುತ್ತಿದರೂ ಲೆಕ್ಕ ತಪ್ಪದೆ ಮನೆಗೆ ಬರುತ್ತಾನೆ, ನಿಮ್ಮ ನೀಲಯ್ಯ ಎಲ್ಲೋ ನಿದ್ದೆ ಹೊಡೆಯುತ್ತಾನೆ ಅನ್ನುತ್ತಿದ್ದರು. ಕಾಳಣ್ಣ ಅದನ್ನು ಕೇಳಿಸಿಕೊಂಡು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

"ಕೆಂಪಯ್ಯ ಜೋರುಗಾರ ಕಣ್ರಿ ಮೇಷ್ಟ್ರೆ, ಇಲ್ಲ ಅನ್ನಾಕಿಲ್ಲ. ಆದ್ರೆ ಅವ್ನು ಮನೇಲಿ ಕೂತು ಬಾರಿಸ್ತಾವ್ನೆ. ನೀಲಯ್ಯನ ಎದುರ್ಗೆ" ಅಂತ ನಿಲ್ಲಿಸಿದ. ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡು ಕಾದರು. "ಏನೋ ನಿಂತಿತ್ತು. ಇಲ್ದಿದ್ರೆ ಇಂಗೆ ಬುಡಾಕಿಲ್ಲ."

ಇದರಲ್ಲಿ ಅವನ ಹೊಲದ ವಿಚಾರ ಹೇಗೆ ಬಂತೋ ನನಗೆ ಗೊತ್ತಾಗಲಿಲ್ಲ. ಒಂದು ದಿನ ಅವನಾಗಿಯೇ ಹೇಳಿದ. ನಾವೆಲ್ಲ ಡಬ್ಬ ಬಡಿಯುವುದು ಒಂದೇ ಸಮನೆ, ಟಣ್ ಟಣ್ ಟಣ್. ಆನೆಗೂ ಕಿವಿ ಇದೆ. ಎರಡು ದಿನ ಕೇಳಿದರೆ ಅದಕ್ಕೂ ಲೆಕ್ಕ ಸಿಕ್ಕಿಹೋಗುತ್ತದೆ, ಆಮೇಲೆ ಹೆದರುವುದಿಲ್ಲ. ಲೆಕ್ಕ ಸಿಗದ ಹಾಗೆ ಬಡಿದರೆ ಹೇಗೆ? ಅದಕ್ಕೇ ದಿನವೂ ಬಂದು ಈ ಇಬ್ಬರನ್ನು ಕೇಳಿ ಕಲಿಯುತ್ತಿದ್ದನಂತೆ. ಹೊಲಕ್ಕೆ ತಮಟೆ ಯಾಕೆ ಒಯ್ಯುವುದಿಲ್ಲ ಅಂದರೆ, "ತಮ್ಟೆ ಸಾವಿಗೆ, ಡಬ್ಬ ಆನೆಗೆ. ಎರಡ್ನೂ ಬೆರೆಸಬಾರ್ದು" ಅಂದ.

ಮೇಷ್ಟ್ರು ಇದನ್ನು ಪಂದ್ಯವೆಂದೇ ತಿಳಿದರು. ಹಾಗಾದರೆ ಕೆಂಪಯ್ಯನಿಗೆ ಆನೆ ಓಡುತ್ತದೋ ನೀಲಯ್ಯನಿಗೋ ನೋಡಿಯೇಬಿಡೋಣ ಅಂದರು. ನಾನೂ ನಕ್ಕೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ. ಅಂಗಡಿಯ ನೆರಳಲ್ಲಿ ಟೀ ಕುಡಿಯುತ್ತ ಆಡಿದ ಮಾತಿಗೆ ಅವನು ಹೊಲದಲ್ಲಿ ನಿಂತು ಉತ್ತರ ಕೊಡಬೇಕಾಗಿತ್ತು.

ದೀಪಾವಳಿ ಕಳೆದ ವಾರ ಒಂದು ಸಂಜೆ ನಾವಿಬ್ಬರೂ ತಿಗನಾರೆಗೆ ಹೋದೆವು. ದನ ಮನೆಗೆ ಬರುವ ಹೊತ್ತು, ಇನ್ನೂ ಬೆಳಕಿತ್ತು. ಕಾಳಣ್ಣನ ಹೆಂಡತಿ ಚಿಕ್ಕಮಾದಿ ಕಾವಲಿನ ಮರದ ಬುಡದಲ್ಲಿ ಬೆಂಕಿ ಮಾಡುತ್ತಿದ್ದಳು. ನಮ್ಮನ್ನು ನೋಡಿ, ತನ್ನ ಗಂಡನಿಗೆ ಹುಚ್ಚು ಹಿಡಿಸಿದ ದೊಡ್ಡ ಮನುಷ್ಯರು ಇವರೇನಾ ಅಂದಳು. ಮನೆಯಲ್ಲಿ ಮಡಕೆ, ತಟ್ಟೆ ಒಂದೂ ಬಿಡುವುದಿಲ್ಲವಂತೆ, ಎಲ್ಲದರ ಮೇಲೂ ಕುಡುಕನ ಹಾಗೆ ಬಡಿಯುತ್ತಾನಂತೆ. ನಮ್ಮಿಬ್ಬರನ್ನೂ ಮರದ ಮೇಲಿನ ಅಟ್ಟಣೆಗೆ ಹತ್ತಿಸಿ ಕಾಳಣ್ಣ ಡಬ್ಬ ಕೊರಳಿಗೆ ಹಾಕಿಕೊಂಡು ಹೊಲದ ಬದುವಿಗೆ ಹೋಗಿ ನಿಂತ.

ಹೆಚ್ಚು ಕಾಯಬೇಕಾಗಲಿಲ್ಲ. ಲಾಂಟಾನ ಪೊದೆಯನ್ನು ಸರಿಸಿಕೊಂಡು ಒಂಟಿ ಸಲಗ ಬಂತು. ಒಂದು ಕೊಂಬು ಮುರಿದಿತ್ತು. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. ಕಾಳಣ್ಣ ಕೆಂಪಯ್ಯನನ್ನು ಶುರುಮಾಡಿದ. ಏಳು, ಏಳು, ಐದು. ಆನೆ ನಿಂತಿತು. ಕಿವಿ ಬೀಸುವುದನ್ನು ಬಿಟ್ಟು ಕೇಳಿತು. ಮೇಷ್ಟ್ರ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ನಾಲ್ಕೈದು ಸುತ್ತು ಆಯಿತು. ಆನೆಯ ಕಿವಿ ಮೆಲ್ಲಗೆ ಮತ್ತೆ ಬೀಸತೊಡಗಿತು. ಸೊಂಡಿಲು ಚಾಚಿ ಒಂದು ಹಿಡಿ ರಾಗಿ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿತು. "ಅದಕ್ಕೂ ಕಣಕ್ಕು ಗೊತ್ತಾಯಿತು" ಅಂದರು ಮೇಷ್ಟ್ರು.

ಕಾಳಣ್ಣ ಈಗ ನೀಲಯ್ಯನಿಗೆ ಬಂದ. ಬಿರುಸಾಗಿ ಬಡಿಯುತ್ತ ಎರಡು ಹೆಜ್ಜೆ ಮುಂದೆ ಹೋದ. ನಿಲ್ಲಿಸಿದ.

ಆನೆ ಬಾಯಲ್ಲಿದ್ದ ರಾಗಿಯನ್ನು ಹಾಗೇ ಇಟ್ಟುಕೊಂಡು ಅವನ ಕಡೆ ತಿರುಗಿತು. ಎರಡು ಕಿವಿಯನ್ನೂ ಮೊರದ ಹಾಗೆ ಅಗಲಿಸಿತು. ಕ್ಯಾಸೆಟ್ಟಿನಲ್ಲಿ ಆ ಬಿಡುವು ಎಷ್ಟು ಹೊತ್ತು ಅನ್ನುವುದು ನನಗೆ ಬಾಯಿಪಾಠವಾಗಿತ್ತು. ಅದು ಮುಗಿದುಹೋಯಿತು. ಕಾಳಣ್ಣನ ಕೋಲು ಮೇಲೇ ಇತ್ತು. ಆನೆ ಒಂದು ಹೆಜ್ಜೆ ಮುಂದೆ ಬಂತು. ಇನ್ನೊಂದು. ಕೆಳಗಿನಿಂದ ಚಿಕ್ಕಮಾದಿ, ಗಂಡನಿಗೆ ಕೇಳಿಸದಷ್ಟು ಸಣ್ಣಗೆ, "ಒಡಿ" ಅಂದಳು. ಮತ್ತೆ, "ಒಡಿ ಕಣ." ಮೂರನೆಯ ಹೆಜ್ಜೆ. ನಾನು ಕೂಗಲೆಂದು ಅಟ್ಟಣೆಯ ಅಂಚಿಗೆ ಬಗ್ಗಿದೆ. ಆಗ ಬಿತ್ತು ಏಟು, ಒಂದೇ ಒಂದು. ಆನೆ ಬೆಚ್ಚಿ ಬಿದ್ದು, ಇದ್ದಲ್ಲೇ ಸುತ್ತಿ, ಪೊದೆ ಮುರಿದುಕೊಂಡು ಓಡಿತು. "ಓಗ್ಲಾ, ಓಗು ಅತ್ಲಾಗೆ" ಅಂತ ಕಾಳಣ್ಣ ಅದರ ಬೆನ್ನಿಗೆ ಹೇಳಿದ, ಊರ ಪೋಲಿಯನ್ನು ಅಟ್ಟುವ ಹಾಗೆ.

ಚಿಕ್ಕಮಾದಿ ಹೋಗಿ ಅವನ ಕೈಯಿಂದ ಕೋಲು ಕಿತ್ತುಕೊಂಡಳು. ಇನ್ನೊಂದು ಸಲ ಹೀಗೆ ಮಾಡಿದರೆ ಡಬ್ಬವನ್ನು ಬಾವಿಗೆ ಹಾಕುತ್ತೇನೆ ಅಂದಳು. ಕಾಳಣ್ಣ ಬದುವಿನ ಮೇಲೆ ಕೂತುಬಿಟ್ಟಿದ್ದ. ಯಾಕೆ ಅಷ್ಟು ಹೊತ್ತು ಬಿಟ್ಟೆ ಅಂತ ನಾನು ಬೈದಂತೆಯೇ ಕೇಳಿದೆ.

"ಬಯ ಬಂದೋನು ಬೇಗ ಒಡ್ದುಬುಡ್ತಾನೆ ಕಣಪ್ಪ. ಅದು ಆನೆಗೆ ಗೊತ್ತಾಯ್ತದೆ."

ಇಷ್ಟಾದರೂ ಮೇಷ್ಟ್ರು ಸೋಮವಾರ ಅಂಗಡಿಗೆ ಬಂದು, ಆನೆಗೆ ಸಂಗೀತ ತಿಳಿಯುವುದಿಲ್ಲ, ಆದ್ದರಿಂದ ಕೆಂಪಯ್ಯನೇ ಮೇಲು ಅಂದರು. ಆ ವರ್ಷ ಕಾಳಣ್ಣನ ಮನೆಗೆ ರಾಗಿ ಬಂತು. ನನಗೆ ಮಾತ್ರ ಬೆಳೆಯ ಕಾಲ ಮುಗಿಯುವವರೆಗೂ ಸಮಾಧಾನವಿರಲಿಲ್ಲ. ತಿಗನಾರೆ ಕಡೆಯಿಂದ ಬೆಳಗಿನ ಬಸ್ಸು ಬಂದರೆ, ಇಳಿಯುವವರ ಮುಖವನ್ನೇ ನೋಡುತ್ತಿದ್ದೆ.

ಮಾರನೆಯ ವರ್ಷ ನೀಲಿ ಕ್ಯಾಸೆಟ್ಟು ಹರಿಯಿತು. ಹಿಂದೆ ತಿರುಗಿಸಿ ತಿರುಗಿಸಿ ಕೇಳಿದ ಜಾಗದಲ್ಲೇ, ಆ ಬಿಡುವಿನಲ್ಲೇ ಹರಿಯಿತು. ಸುಕ್ಕಾದ ಟೇಪನ್ನು ಒಂದು ಬೆರಳಗಲ ಕತ್ತರಿಸಿ, ತುದಿಗಳನ್ನು ಸೇರಿಸಿ ಅಂಟಿಸಿದೆ. ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಕಾಳಣ್ಣ ಬಂದ. ಕಣ್ಣು ಅರಿಶಿನವಾಗಿತ್ತು. ಚಾಮರಾಜನಗರದ ಆಸ್ಪತ್ರೆಗೆ ಹೊರಟಿದ್ದ, ಚಿಕ್ಕಮಾದಿ ಚೀಲ ಹಿಡಿದು ಬಸ್ಸಿನ ಹತ್ತಿರ ನಿಂತಿದ್ದಳು. ಒಂದು ಸಲ ನೀಲಯ್ಯನನ್ನು ಹಾಕು ಅಂದ. ಹಾಕಿದೆ. ಕಣ್ಣು ಮುಚ್ಚಿ ಕೇಳಿದ. ಬಿಡುವು ಬಂತು, ಏಟು ಬಿತ್ತು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ.

"ನೀಲಯ್ಯಂಗೂ ಬಯ ಬಂದ್ಬುಡ್ತಾ ಸಿವಣ್ಣ?"

ನಾನೇ ಕತ್ತರಿಸಿದ್ದು ಅಂತ ಹೇಳಬೇಕಾಗಿತ್ತು. ಬಾಯಿಗೂ ಬಂತು. ಅಷ್ಟರಲ್ಲಿ ಬಸ್ಸಿನ ಹಾರನ್ನು ಆಯಿತು, ಅವನು ಕಂಬ ಹಿಡಿದುಕೊಂಡು ಮೆಟ್ಟಿಲಿಳಿದ. ಹೊಲದಲ್ಲಿ ಆಗುತ್ತದೆ ಅಂತ ನಾನು ಹೆದರಿದ್ದದ್ದು ಆಗಲಿಲ್ಲ. ಹನ್ನೆರಡನೆಯ ದಿನ ಆಸ್ಪತ್ರೆಯಲ್ಲೇ ಕಾಮಾಲೆಯಿಂದ ಹೋದ. ಊರೂರಿನ ಸಾವಿಗೆ ತಮಟೆ ಬಾರಿಸಿದವನ ಮಣ್ಣಿಗೆ ಅವನ ಅಣ್ಣತಮ್ಮಂದಿರು ಬಾರಿಸಿದರು. ಮೇಷ್ಟ್ರು ಕೊನೆಯವರೆಗೂ ನಿಂತಿದ್ದರು, ಎಣಿಸಲಿಲ್ಲ.

ಆ ವರ್ಷದ ರಾಗಿ ತೆನೆಗಟ್ಟಿದ ಕಾಲ. ಒಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತಿಗನಾರೆ ಹತ್ತಿರ ದನಗಳು ರಸ್ತೆ ದಾಟುತ್ತಿದ್ದವು, ಬಸ್ಸು ನಿಂತಿತು. ಕಾಡಂಚಿನ ಹೊಲದಿಂದ ಡಬ್ಬದ ಸದ್ದು ಕೇಳಿತು, ಬಿರುಸಾಗಿ, ಮೇಲೇರುತ್ತ. ಕಿಟಕಿಯಿಂದ ಬಗ್ಗಿ ನೋಡಿದೆ. ಬದುವಿನ ಮೇಲೆ ಚಿಕ್ಕಮಾದಿ ನಿಂತಿದ್ದಳು, ಡಬ್ಬ ಕೊರಳಲ್ಲಿ. ಅವಳ ಎದುರಿಗೆ ಏನಿದೆಯೋ ಬಸ್ಸಿನಿಂದ ಕಾಣುತ್ತಿರಲಿಲ್ಲ. ಸದ್ದು ನಿಂತಿತು. ಕ್ಯಾಸೆಟ್ಟಿನ ಬಿಡುವು ಮುಗಿಯಿತು. ಕಾಳಣ್ಣನ ಬಿಡುವೂ ಮುಗಿಯಿತು. ದನಗಳೆಲ್ಲ ದಾಟಿ, ಡ್ರೈವರು ಗೇರು ಹಾಕಿದ. ಒಂಚೂರು ತಡೀರಿ ಅಂತ ನಾನು ಎದ್ದು ನಿಂತೆ. ಕಂಡಕ್ಟರು ಯಾಕೆ ಅಂತ ಕೇಳಿದ.

ಆಗ ಏಟು ಬಿತ್ತು. ಕೂತುಕೊಂಡೆ, ಬಸ್ಸು ಹೊರಟಿತು.