ಮಕ್ರೀನಾ ಕೀಳುವ ಅಣಬೆ

ನನ್ನಂಥ ಅಣಬೆ ವ್ಯಾಪಾರಿಯ ಕಣ್ಣಲ್ಲಿ ನೋಡಿದರೆ ಮಕ್ರೀನಾ ಕೊಳ್ಳುವಂಥ ಸರಕಲ್ಲ. ಒಂದು ಕಣ್ಣಿಗೆ ಪೊರೆ, ಮೊಣಕಾಲು ಸವೆದಿದೆ, ನಾಲಿಗೆ ಮಾತ್ರ ಹೊಸ ಕತ್ತಿ. ಮಲಿಂಚೆ ಬೆಟ್ಟದ ಅಣಬೆಯನ್ನು ಉಳಿದವರು ಚಾಕುವಿನಿಂದ ಚೆಂದಾಗಿ ಕೊಯ್ದು ತಂದರೆ, ಇವಳು ಬುಡಸಮೇತ ಕಿತ್ತು ತರುತ್ತಿದ್ದಳು.

"ಮಣ್ಣನ್ನೂ ತೂಕಕ್ಕೆ ಹಾಕ್ತೀಯಲ್ಲಕ್ಕಾ" ಎಂದು ತಂಗಿ ಡೆಲ್ಫೀನಾಳೇ ಸಂತೆಯಲ್ಲಿ ಕಿಚಾಯಿಸುತ್ತಿದ್ದಳು.

ಆ ಮಳೆಗಾಲದಲ್ಲಿ ಡೆಲ್ಫೀನಾ ಓಕ್ ಮರಗಳ ಅಂಚಿನಿಂದ ಬೆಳ್ಳನೆಯ ಅಣಬೆ ಕೊಯ್ದು ತಂದಳು. ತಿನ್ನುವ ಬಯಲಣಬೆಯೆಂದೇ ತಿಳಿದು ಮೆಣಸಿನಕಾಯಿ ಹಾಕಿ ಸಾರು ಮಾಡಿದಳು. ಗಂಡ ತೊರೀಬಿಯೊ, ತಾನು, ಇಬ್ಬರೂ ಉಂಡರು. ಬೆಳಗಾಗುವ ಮೊದಲೇ ವಾಂತಿ, ಭೇದಿ. ಮರುದಿನ ಅದೆಲ್ಲ ನಿಂತು ಇಬ್ಬರೂ ಗುಣವಾದಂತೆ ಕಂಡರು.

ಸುದ್ದಿ ಕೇಳಿದ ಮಕ್ರೀನಾ ತಂಗಿಯ ಮನೆಗೆ ಹೋಗಲಿಲ್ಲ, ಕಾಡಿಗೆ ಹೋದಳು. ಕೊಯ್ದುಳಿದ ಮೋಟುಗಳ ಸುತ್ತ ಬೆರಳಿನಿಂದ ಮಣ್ಣು ಕೆದರಿದಳು. ಒಡೆದ ಮೊಟ್ಟೆಯ ಚಿಪ್ಪಿನಂಥ ಬಿಳಿ ಬಟ್ಟಲು ಬುಡದಲ್ಲೇ ಕೂತಿತ್ತು. ಬಯಲಣಬೆಗೆ ಬಟ್ಟಲಿಲ್ಲ. ಇದು ವಿಷದ ಅಣಬೆಯ ಗುರುತೆಂದು ಅವಳ ಅಮ್ಮ ಒಮ್ಮೆ ತೋರಿಸಿದ್ದಳು. ಆಮೇಲೆ ಆ ಬೆಟ್ಟದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಹೆದರಬೇಕೆಂಬುದನ್ನೇ ಜನ ಮರೆತಿದ್ದರು.

ಬಟ್ಟಲನ್ನು ಶಾಲಿನ ಅಂಚಿನಲ್ಲಿ ಕಟ್ಟಿಕೊಂಡು ಅಲ್ಲಿಂದ ನೇರ ತಂಗಿಯ ಮನೆಗೆ ಬಂದಳು. ತೊರೀಬಿಯೊ ಜೋಳದ ಗಂಜಿ ಕುಡಿಯುತ್ತಿದ್ದ. ತಿಂದದ್ದು ಸಾಯಿಸುವ ಅಣಬೆಯೆಂದು ಅವಳು ಹೇಳಿದಳು.

"ಸಾಯೋನು ಗಂಜಿ ಕುಡೀತಾನೇನಕ್ಕಾ?" ಎಂದು ನಕ್ಕ.

"ಕುಡೀತಾನೆ. ಇದು ಒಂದಿನ ಸುಮ್ನೆ ಬಿಡುತ್ತೆ, ಆಮೇಲೆ ಒಳಗಿಂದ ತಿನ್ನುತ್ತೆ. ಇಬ್ರೂ ಏಳಿ, ಆಸ್ಪತ್ರೆಗೆ ಹೋಗೋಣ, ಬಸ್ಸು ಬರುತ್ತೆ."

ಆ ಬಟ್ಟಲು ನೋಡಿ ತೊರೀಬಿಯೊ ಎದ್ದ. ಡೆಲ್ಫೀನಾ ಏಳಲಿಲ್ಲ. ಕೈ ಹಿಡಿದು ಎಳೆದರೆ ಕೊಸರಿಕೊಂಡಳು.

"ಹಂದಿಗೆ ಯಾರು ಹಾಕ್ತಾರೆ? ನಂಗೇನೂ ಆಗಿಲ್ಲ. ನಾಳೆ ಬರ್ತೀನಿ ಹೋಗೇ."

ಬಸ್ಸು ಕಾಯುವುದಿಲ್ಲ. ಮಕ್ರೀನಾ ಎದ್ದವನನ್ನು ಕರೆದುಕೊಂಡು ಹೋದಳು. ಬಟ್ಟಲು ನೋಡಿದ ಡಾಕ್ಟರು ಬೇರೇನೂ ಕೇಳದೆ ಔಷಧಿ ಶುರುಮಾಡಿದರು. ಮರುದಿನ ಅವಳು ಹಿಂತಿರುಗಿದಾಗ ಡೆಲ್ಫೀನಾಳ ಕಣ್ಣು ಅರಿಶಿನವಾಗಿತ್ತು. ಆಸ್ಪತ್ರೆ ಮುಟ್ಟಿದಳು, ಮನೆಗೆ ಬಂದದ್ದು ಪೆಟ್ಟಿಗೆಯಲ್ಲಿ.

ತೊರೀಬಿಯೊ ಬದುಕಿದ, ಮಕ್ರೀನಾಳ ಜೊತೆ ಮಾತು ಬಿಟ್ಟ. ಒಡಹುಟ್ಟಿದವಳನ್ನು ಬಿಟ್ಟು ಅವಳ ಗಂಡನನ್ನು ಉಳಿಸಿದಳೆಂದು ಊರು ಆಡಿಕೊಂಡಿತು. ಅವಳು ಮುಂದಿನ ಸಂತೆಗೆ ಎಂದಿನಂತೆ ಮಣ್ಣು ಮೆತ್ತಿದ ಬುಟ್ಟಿ ಹಿಡಿದು ಬಂದು ಕೂತಳು. ಪಕ್ಕದಲ್ಲಿ ತಂಗಿಯ ಜಾಗ ಖಾಲಿ.

ಅಂದಿನಿಂದ ನಾನು ಬುಡವಿಲ್ಲದ ಅಣಬೆ ಕೊಳ್ಳುವುದಿಲ್ಲ. ನನ್ನ ಅಂಗಡಿಯ ಅಣಬೆ ತಿಂದವರು ಬದುಕಿದ್ದಾರೆ. ಅದು ಮಕ್ರೀನಾಳ ಋಣ.