ಗುಬ್ಬಿಯಲ್ಲಿ ಹಾರಿದ ರಾಜ

ನನ್ನ ಗೆಳೆಯ ಅನಂತರಾಜು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕೆಲಸ ಮುಗಿಸಿ ಬಂದು ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತು ಬಗೆಬಗೆಯ ಚದುರಂಗದಾಟಗಳಿಗೆಂದೇ ಒಂದು ವೆಬ್‌ಸೈಟ್ ನಡೆಸುತ್ತಾನೆ. ಜನ ಕಳಿಸುವ ಆಟಗಳನ್ನು ನಾವಿಬ್ಬರೂ ಆಡಿ ನೋಡುತ್ತೇವೆ. ಹೆಚ್ಚಿನವು ಅರ್ಧದಲ್ಲೇ ಬೇಜಾರು ಹಿಡಿಸುತ್ತವೆ; ಚೆನ್ನಾಗಿದ್ದದ್ದು ತಿಂಗಳ ಆಟವಾಗಿ ಮುಖಪುಟಕ್ಕೆ ಹೋಗುತ್ತದೆ. ಅನಂತರಾಜು ಸಾಧು ಮನುಷ್ಯ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು. ಅವನಷ್ಟು ಹಗೆ ಸಾಧಿಸುವವನನ್ನು ನಾನು ಕಂಡಿಲ್ಲ. ಅದಕ್ಕೇ ನನಗೆ ಅವನು ಇಷ್ಟ.

ಹಗೆ ಹುಟ್ಟಿದ್ದು ಎಷ್ಟೋ ವರ್ಷದ ಹಿಂದೆ, ಗುಬ್ಬಿಯ ಒಂದು ಚೆಸ್ ಪಂದ್ಯದಲ್ಲಿ. ಅವನಪ್ಪ ದೊಡ್ಡರಂಗಯ್ಯ ಕೊತ್ತಗೆರೆಯ ಅರಳಿಕಟ್ಟೆಯ ಮೇಲೆ ಆಡಿ ಕಲಿತವರು. ಅಲ್ಲಿಯ ಕಟ್ಟಲೆಯಲ್ಲಿ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಪಂದ್ಯದಲ್ಲೂ ಅಭ್ಯಾಸಬಲದಿಂದ ಹಾರಿಸಿಬಿಟ್ಟರು. ತೀರ್ಪುಗಾರ ಲಕ್ಷ್ಮೀಕಾಂತ್ ಆ ರಾಜನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡ್ರಪ್ಪಾ, ಯಜಮಾನ್ರ ರಾಜಂಗೆ ಕುದ್ರೆ ಕಾಲು!" ಅಂದ. ಇಡೀ ಹಾಲ್ ನಕ್ಕಿತು. ತಪ್ಪು ನಡೆ ಅಂತ ಹೇಳಿದ್ದರೆ ಸಾಕಿತ್ತಲ್ಲ, ದರಿದ್ರದವನು! ಅವತ್ತಿನಿಂದ ಅವರು ಕಾಯಿ ಮುಟ್ಟಲಿಲ್ಲ.

ಈಗ ತುಮಕೂರಿನಲ್ಲಿ ಚೆಸ್ ಕ್ಲಾಸ್ ನಡೆಸುವ ಅದೇ ಲಕ್ಷ್ಮೀಕಾಂತ್ ಹೋದ ತಿಂಗಳು 'ರಾಯಲ್ ಜಂಪ್' ಎಂಬ ಆಟ ಕಳಿಸಿದ. ರಾಜ ಒಂದು ಸಲ ಕುದುರೆಯಂತೆ ಹಾರಬಹುದಂತೆ. ತಾನೇ ಕಂಡುಹಿಡಿದದ್ದಂತೆ! ಅನಂತರಾಜು ಯಾರ ಮಗನೆಂಬುದು ಅವನಿಗೆ ಗೊತ್ತಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ಕಸಕ್ಕೆ ಹಾಕ್ಲಾ ಅದನ್ನ," ಅಂದೆ.

"ಯಾಕ್ಲಾ? ಆಟ ಚೆನ್ನಾಗೈತೆ. ಮುಖಪುಟಕ್ಕೇ ಹಾಕಣ," ಅಂದ ಅನಂತರಾಜು.

ಹಾಕಿದ. ಹೆಸರು ಮಾತ್ರ 'ದೊಡ್ಡರಂಗಯ್ಯನ ಆಟ'. ಅದರ ಕೆಳಗೆ ಗುಬ್ಬಿಯಲ್ಲಿ ನಡೆದದ್ದೆಲ್ಲ, ನಗಿಸಿದವನ ಹೆಸರಿನ ಸಮೇತ. ಈಗ ಅದೇ ಆಟವನ್ನು ತನ್ನದೆಂದು ಕಳಿಸಿದವನೂ ಅವನೇ ಎಂದೂ ಬರೆದಿದ್ದ. ನಾನು ಖುಷಿಯಿಂದ ಅದನ್ನು ಸಿಕ್ಕಸಿಕ್ಕವರಿಗೆಲ್ಲ ವಾಟ್ಸಾಪ್ ಮಾಡಿದೆ.

ಭಾನುವಾರ ನಾವು ಕೊತ್ತಗೆರೆಯಲ್ಲಿ ಅವನಪ್ಪನ ಮನೆಯಲ್ಲಿದ್ದಾಗ ಲಕ್ಷ್ಮೀಕಾಂತ್ ಫೋನ್ ಮಾಡಿದ. "ದಯವಿಟ್ಟು ತೆಗೀರಿ ಸಾರ್. ಮಕ್ಕಳ ಪೇರೆಂಟ್ಸ್ ಎಲ್ಲ ಕೇಳ್ತಿದಾರೆ. ಮರ್ಯಾದೆ ಹೋಗ್ತಿದೆ."

"ನಮ್ಮಪ್ಪನ್ನೇ ಕೇಳಿ," ಎಂದು ಅನಂತರಾಜು ಫೋನನ್ನು ಸ್ಪೀಕರ್‌ಗೆ ಹಾಕಿ ಅಪ್ಪನ ಕೈಗೆ ಕೊಟ್ಟ.

ಲಕ್ಷ್ಮೀಕಾಂತ್ ಗೋಗರೆದ, ಕ್ಷಮೆ ಕೇಳಿದ. ದೊಡ್ಡರಂಗಯ್ಯ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಎಲ್ಲಿ ಕರಗಿಬಿಡುತ್ತಾರೋ ಎಂದು ನನಗೆ ಭಯವಾಯಿತು.

"ಅವತ್ತು ನಕ್ಕೋರು ಹಾಲ್ ತುಂಬ ಇದ್ರಲ್ಲಪ್ಪ," ಅಂದರು. "ಅವ್ರೆಲ್ಲ ಓದೋವರ್ಗೂ ಇರ್ಲಿ ಬುಡು."